ಹ್ಯಾವ್, ಹ್ಯಾಸ್, ಹ್ಯಾಡ್ ಎಲ್ಲಿ ಕೈಕೊಡುತ್ತವೆ: ಪರ್ಫೆಕ್ಟ್ ಟೆನ್ಸ್‌ಗೆ ಒಂದು ದೋಷ ನಿವಾರಣೆ ಕೈಪಿಡಿ

‘ವಿ ಹ್ಯಾವ್ ರಿಸೀವ್ಡ್ ಯುವರ್ ಅಡ್ವಾನ್ಸ್ ಯೆಸ್ಟರ್‌ಡೇ.’
‘ಐ ಆಮ್ ವರ್ಕಿಂಗ್ ಇನ್ ದಿಸ್ ಎಸ್ಟೇಟ್ ಸಿನ್ಸ್ ಟೆನ್ ಇಯರ್ಸ್.’
‘ಐ ಹ್ಯಾಡ್ ಗಾನ್ ಟು ಮೈಸೂರು ಲಾಸ್ಟ್ ವೀಕ್.’

ಮಡಿಕೇರಿ, ಕುಶಾಲನಗರ, ವಿರಾಜಪೇಟೆ ಕಡೆಯ ಹೋಂಸ್ಟೇಗಳು ಅತಿಥಿಗಳಿಗೆ ಕಳಿಸುವ ಸಂದೇಶ, ತೋಟದ ಆಫೀಸಿನ ಪತ್ರ, ಬೆಂಗಳೂರಿನ ಕೆಲಸಕ್ಕೆ ಅರ್ಜಿ ಹಾಕುವವರ ಬಯೋಡೇಟಾ, ಇವೆಲ್ಲ ನನ್ನ ಬಳಿ ತಿದ್ದಲು ಬರುತ್ತವೆ. ಮೇಲಿನ ಮೂರು ವಾಕ್ಯಗಳು ಬೇರೆ ಬೇರೆ ವೇಷದಲ್ಲಿ ಅವುಗಳಲ್ಲಿ ಸಿಗುತ್ತಲೇ ಇರುತ್ತವೆ. ಬರೆದವರಿಗೆ ಇಂಗ್ಲಿಷ್ ಬಾರದು ಎಂದಲ್ಲ. ಮೂರೂ ವಾಕ್ಯಗಳ ಒಳಗೆ ಸರಿಯಾದ, ಗಟ್ಟಿಯಾದ ಕನ್ನಡ ಕೂತಿದೆ: ನಿನ್ನೆ ಅಡ್ವಾನ್ಸ್ ಬಂದಿದೆ, ಹತ್ತು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ, ಹೋದ ವಾರ ಮೈಸೂರಿಗೆ ಹೋಗಿದ್ದೆ. ಕನ್ನಡದಲ್ಲಿ ಒಂದಕ್ಕೂ ಕುಂದಿಲ್ಲ. ಇಂಗ್ಲಿಷ್‌ನಲ್ಲಿ ಮೂರಕ್ಕೂ ಇದೆ. ಹಾಗಾಗಿ ನಿಯಮ ಬಾಯಿಪಾಠ ಮಾಡುವುದಕ್ಕಿಂತ, ಎರಡು ಭಾಷೆ ಎಲ್ಲಿ ಬೇರೆ ದಾರಿ ಹಿಡಿಯುತ್ತವೆ ಎಂದು ಹುಡುಕುವುದೇ ಬೇಗ ಫಲ ಕೊಡುತ್ತದೆ.

ಮೊದಲ ತಪಾಸಣೆ: ರೂಪ ಕೆಟ್ಟಿದೆಯೇ?

ಅರ್ಥಕ್ಕೆ ಕೈಹಾಕುವ ಮೊದಲು ವಾಕ್ಯದ ಕಟ್ಟು ನೋಡಿ. ಹ್ಯಾವ್, ಹ್ಯಾಸ್, ಹ್ಯಾಡ್, ವಿಲ್ ಹ್ಯಾವ್ ಯಾವುದೇ ಇರಲಿ, ಅದರ ನಂತರ ಬರಬೇಕಾದದ್ದು ಕ್ರಿಯಾಪದದ ಮೂರನೆಯ ರೂಪ. ‘ಗೋ, ವೆಂಟ್, ಗಾನ್’ ಎಂದು ಶಾಲೆಯಲ್ಲಿ ಹೇಳಿಸಿದ್ದರಲ್ಲ, ಅದರ ಕೊನೆಯದು. ‘ಹ್ಯಾವ್ ವೆಂಟ್’, ‘ಹ್ಯಾಸ್ ಕೇಮ್’, ‘ಹ್ಯಾವ್ ಡಿಡ್’, ‘ಹ್ಯಾಡ್ ಟುಕ್’ ಎಲ್ಲವೂ ಎರಡನೆಯ ರೂಪ ತಪ್ಪಿ ಒಳಗೆ ಬಂದದ್ದು. ಗಾನ್, ಕಮ್, ಡನ್, ಟೇಕನ್, ಗಿವನ್, ಸೀನ್, ರಿಟನ್, ಬ್ರೋಕನ್, ಫಾಲನ್ ಎಂದಾಗಬೇಕು. ದಿನಬಳಕೆಯಲ್ಲಿ ಹೀಗೆ ಕಾಡುವ ಕ್ರಿಯಾಪದಗಳು ಹೆಚ್ಚಿಲ್ಲ. ನಿಮ್ಮ ಕೆಲಸಕ್ಕೆ ಬೇಕಾದವನ್ನು ಮಾತ್ರ ಒಂದು ಹಾಳೆಯಲ್ಲಿ ಬರೆದು ಮೇಜಿನ ಮೇಲೆ ಇಟ್ಟುಕೊಂಡರೆ ಈ ದೋಷ ತಾನಾಗಿ ಹೋಗುತ್ತದೆ.

ಇನ್ನೊಂದು ರೂಪದೋಷ ಹೆಚ್ಚು ಹಾನಿ ಮಾಡುತ್ತದೆ: ಬೇಡದ ಕಡೆ ನುಗ್ಗುವ ‘ಬೀನ್’. ‘ಐ ಹ್ಯಾವ್ ಬೀನ್ ಕಂಪ್ಲೀಟೆಡ್ ಬಿಕಾಂ’ ಎಂದು ಬಯೋಡೇಟಾದಲ್ಲಿ ಓದಿದರೆ, ಬರೆದವರನ್ನೇ ಯಾರೋ ಮುಗಿಸಿದಂತೆ ಕೇಳುತ್ತದೆ. ‘ಹ್ಯಾವ್ ಬೀನ್’ ಆದಮೇಲೆ ಮೂರನೆಯ ರೂಪ ಬಂದರೆ ಕರ್ತೃವಿನ ಮೇಲೆ ಕೆಲಸ ನಡೆದಿದೆ ಎಂದರ್ಥ. ‘ದಿ ರೂಮ್ ಹ್ಯಾಸ್ ಬೀನ್ ಕ್ಲೀನ್ಡ್’ ಸರಿ, ಏಕೆಂದರೆ ಕೋಣೆ ತನ್ನನ್ನು ತಾನೇ ಗುಡಿಸಿಕೊಳ್ಳುವುದಿಲ್ಲ. ‘ಐ ಹ್ಯಾವ್ ಬೀನ್ ಕ್ಲೀನ್ಡ್ ದಿ ರೂಮ್’ ತಪ್ಪು. ಕೆಲಸ ಮಾಡಿದವರು ನೀವೇ ಆದರೆ ‘ಬೀನ್’ ತೆಗೆಯಿರಿ. ಕೆಲಸ ಇನ್ನೂ ನಡೆಯುತ್ತಿದ್ದರೆ ‘ಬೀನ್’ ಇರಲಿ, ಆದರೆ ಅದರ ನಂತರ ‘ಇಂಗ್’ ರೂಪ ಬರಲಿ: ‘ಐ ಹ್ಯಾವ್ ಬೀನ್ ಕ್ಲೀನಿಂಗ್’.

ರೂಪ ಸರಿಯಿದ್ದೂ ವಾಕ್ಯ ತಪ್ಪಾಗಿ ಕೇಳಿದರೆ ದೋಷ ಆಯ್ಕೆಯಲ್ಲಿದೆ. ನಿಜವಾದ ಕಷ್ಟ ಅಲ್ಲೇ.

ಇಲ್ಲ-ಪರೀಕ್ಷೆ

ಮಾರ್ಚ್, ಏಪ್ರಿಲ್ ಬಂತೆಂದರೆ ಕೊಡಗಿನ ಕಾಫಿ ಬೆಳೆಗಾರರ ಬಾಯಲ್ಲಿ ಹೂಮಳೆಯದ್ದೇ, ಎಂದರೆ ಕಾಫಿ ಮೊಗ್ಗು ಅರಳಿಸುವ ಮಳೆಯದ್ದೇ ಮಾತು. ಆಗ ಎರಡು ವಾಕ್ಯಗಳನ್ನು ಕೇಳಿ.

‘ಹೂಮಳೆ ಬಂದಿಲ್ಲ.’
‘ಹೂಮಳೆ ಬರಲಿಲ್ಲ.’

ಮೊದಲನೆಯದನ್ನು ಹೇಳಿದವರು ಇನ್ನೂ ಆಕಾಶ ನೋಡುತ್ತಿದ್ದಾರೆ. ಸ್ಪ್ರಿಂಕ್ಲರ್ ಇಳಿಸಬೇಕೋ, ಇನ್ನೆರಡು ದಿನ ಕಾಯಬೇಕೋ ಎಂಬ ಲೆಕ್ಕ ಮುಗಿದಿಲ್ಲ. ಎರಡನೆಯದನ್ನು ಹೇಳಿದವರ ಪಾಲಿಗೆ ಆ ಕಾಲ ಕಳೆದುಹೋಗಿದೆ. ಮೊಗ್ಗು ಒಣಗಿತೋ, ಕೆರೆ ನೀರು ಹಾಯಿಸಿ ಉಳಿಸಿಕೊಂಡರೋ, ಅದು ಬೇರೆ ಕಥೆ. ಈ ಅಂತರವನ್ನು ಯಾರೂ ನಮಗೆ ಕಲಿಸಲಿಲ್ಲ, ಆದರೂ ಕಿವಿಗೆ ಗೊತ್ತು.

ಇಂಗ್ಲಿಷ್‌ನ ಪ್ರೆಸೆಂಟ್ ಪರ್ಫೆಕ್ಟ್ (ಹ್ಯಾವ್ ಅಥವಾ ಹ್ಯಾಸ್ ಜೊತೆ ಮೂರನೆಯ ರೂಪ) ಮತ್ತು ಸಿಂಪಲ್ ಪಾಸ್ಟ್ (ವೆಂಟ್, ಕೇಮ್‌ನಂಥ ಎರಡನೆಯ ರೂಪ) ನಡುವಿನ ಗಡಿ ಬಹುತೇಕ ಇದೇ. ‘ಬಂದಿಲ್ಲ’ ಎಂದರೆ ‘ಹ್ಯಾವಂಟ್ ಕಮ್’, ‘ಬರಲಿಲ್ಲ’ ಎಂದರೆ ‘ಡಿಡಂಟ್ ಕಮ್’. ಇಲ್ಲ ಎನ್ನುವಾಗ ಕನ್ನಡ ಈ ಗಡಿಯನ್ನು ಚೊಕ್ಕವಾಗಿ ಕಾಯುತ್ತದೆ. ಹೌದು ಎನ್ನುವಾಗ ಸಡಿಲ ಬಿಡುತ್ತದೆ. ‘ನಿನ್ನೆ ದುಡ್ಡು ಕಳಿಸಿದೆ’ ಎಂದರೂ ಸರಿ, ‘ನಿನ್ನೆ ದುಡ್ಡು ಕಳಿಸಿದ್ದೇನೆ’ ಎಂದರೂ ಸರಿ. ಎರಡನೆಯದನ್ನು ಇದ್ದ ಹಾಗೆ ಇಂಗ್ಲಿಷ್‌ಗೆ ದಾಟಿಸಿದಾಗ ‘ಐ ಹ್ಯಾವ್ ಸೆಂಟ್ ದಿ ಮನಿ ಯೆಸ್ಟರ್‌ಡೇ’ ಹುಟ್ಟುತ್ತದೆ.

ಆದ್ದರಿಂದ ಅನುಮಾನ ಬಂದ ವಾಕ್ಯವನ್ನು ಕನ್ನಡದಲ್ಲಿ ‘ಇಲ್ಲ’ ಮಾಡಿ ನೋಡಿ. ‘ನಿನ್ನೆ ಅಡ್ವಾನ್ಸ್ ಬಂದಿದೆ’ ಎಂಬುದನ್ನು ತಿರುಗಿಸಿದರೆ ‘ನಿನ್ನೆ ಅಡ್ವಾನ್ಸ್ ಬರಲಿಲ್ಲ’ ಎಂದೇ ನಾಲಿಗೆಗೆ ಬರುತ್ತದೆ. ‘ಬರಲಿಲ್ಲ’ ಬಂತೇ, ‘ಹ್ಯಾವ್’ ಕಿತ್ತುಹಾಕಿ: ‘ವಿ ರಿಸೀವ್ಡ್ ಯುವರ್ ಅಡ್ವಾನ್ಸ್ ಯೆಸ್ಟರ್‌ಡೇ.’ ನಿನ್ನೆ ಎಂಬ ಮಾತೇ ಇಲ್ಲದೆ ‘ಅಡ್ವಾನ್ಸ್ ಬಂದಿದೆ’ ಎಂದಷ್ಟೇ ಇದ್ದರೆ, ತಿರುಗಿಸಿದಾಗ ‘ಅಡ್ವಾನ್ಸ್ ಬಂದಿಲ್ಲ’ ಆಗುತ್ತದೆ. ಆಗ ‘ವಿ ಹ್ಯಾವ್ ರಿಸೀವ್ಡ್ ಯುವರ್ ಅಡ್ವಾನ್ಸ್’ ಸರಿ. ಎರಡರ ಕೆಲಸವೂ ಬೇರೆ. ‘ಹ್ಯಾವ್’ ಇರುವುದು ಅತಿಥಿಗೆ ಈಗಿನ ಸ್ಥಿತಿ ಹೇಳುತ್ತದೆ: ಹಣ ನಮ್ಮ ಕೈಯಲ್ಲಿದೆ, ಕೋಣೆ ನಿಮಗೆ ಗಟ್ಟಿ. ‘ಹ್ಯಾವ್’ ಇಲ್ಲದ್ದು ನಿನ್ನೆಯ ಲೆಕ್ಕ ಒಪ್ಪಿಸುತ್ತದೆ.

ಈ ಪರೀಕ್ಷೆಗೂ ಒಂದು ಮಿತಿಯಿದೆ. ಮಾತಿನಲ್ಲಿ ಹಲವರು ‘ಅವನು ನಿನ್ನೆ ಬಂದೇ ಇಲ್ಲ’ ಎನ್ನುತ್ತಾರೆ, ‘ಇನ್ನೂ ಬರಲಿಲ್ಲವಾ’ ಎಂದು ಕೇಳುತ್ತಾರೆ. ನಮ್ಮ ಜಿಲ್ಲೆಯಲ್ಲಿ ಮನೆಯ ಮಾತು ಕೊಡವ ತಕ್ಕ್, ಅರೆಭಾಷೆ, ಮಲಯಾಳಂ, ತುಳು ಹೀಗೆ ಹಲವಿರುವಾಗ ಆಡುಗನ್ನಡದಲ್ಲಿ ಬೆರಕೆ ಸಹಜ. ಅದಕ್ಕೇ ಪರೀಕ್ಷೆಯನ್ನು ಶಾಲೆಯಲ್ಲಿ ಕಲಿತ ಬರವಣಿಗೆಯ ಕನ್ನಡದಲ್ಲಿ ಮಾಡಿ. ಆಗಲೂ ಅನುಮಾನ ಉಳಿದರೆ ಮುಂದಿನ ತಪಾಸಣೆಗೆ ಹೋಗಿ.

ಕಾಲ ಮುಚ್ಚಿದೆಯೇ, ತೆರೆದಿದೆಯೇ?

ವಾಕ್ಯದಲ್ಲಿ ಕಾಲ ಹೇಳುವ ಪದ ಹುಡುಕಿ. ಯೆಸ್ಟರ್‌ಡೇ, ಲಾಸ್ಟ್ ವೀಕ್, ಟು ಡೇಸ್ ಅಗೋ, ಇನ್ 2018, ವೆನ್ ಐ ವಾಸ್ ಇನ್ ಕಾಲೇಜ್ ಎಲ್ಲವೂ ಮುಚ್ಚಿದ ಕಾಲ. ಇವುಗಳ ಜೊತೆ ಪ್ರೆಸೆಂಟ್ ಪರ್ಫೆಕ್ಟ್ ಕೂರುವುದಿಲ್ಲ. ಸೋ ಫಾರ್, ಅಪ್ ಟು ನೌ, ಎವರ್, ನೆವರ್, ಯೆಟ್, ಈ ವರ್ಷ ಮುಗಿಯುವ ಮೊದಲು ಹೇಳುವ ‘ದಿಸ್ ಇಯರ್’ ಇವು ತೆರೆದ ಕಾಲ.

ಇದನ್ನು ಅರ್ಥ ಮಾಡಿಕೊಳ್ಳಲು ತೋಟದ ಮಳೆ ಪುಸ್ತಕಕ್ಕಿಂತ ಒಳ್ಳೆಯ ಪಾಠ ನನಗೆ ಕಂಡಿಲ್ಲ. ನಮ್ಮ ತೋಟಗಳಲ್ಲಿ ಬೆಳಗ್ಗೆ ಮಳೆ ಮಾಪಕ ನೋಡಿ ಇಂಚು, ಸೆಂಟ್ ಲೆಕ್ಕದಲ್ಲಿ ಬರೆದಿಡುವ ರೂಢಿಯಿದೆ. ನೂರು ಸೆಂಟ್ ಸೇರಿದರೆ ಒಂದು ಇಂಚು. ಪುಟದಲ್ಲಿ ಎರಡು ಅಂಕಣ: ದಿನದ ಮಳೆ, ಜನವರಿಯಿಂದ ಇಲ್ಲಿಯವರೆಗಿನ ಒಟ್ಟು. ದಿನದ ಅಂಕಣವನ್ನು ಇಂಗ್ಲಿಷ್‌ನಲ್ಲಿ ಓದುವುದು ಸಿಂಪಲ್ ಪಾಸ್ಟ್‌ನಲ್ಲಿ: ‘ವಿ ಹ್ಯಾಡ್ ಟು ಇಂಚಸ್ ಯೆಸ್ಟರ್‌ಡೇ.’ ಆ ದಿನದ ಲೆಕ್ಕ ಮುಗಿಯಿತು, ನಾಳೆ ಎಷ್ಟೇ ಸುರಿದರೂ ಅದು ಬದಲಾಗದು. ಒಟ್ಟಿನ ಅಂಕಣ ಪ್ರೆಸೆಂಟ್ ಪರ್ಫೆಕ್ಟ್‌ನಲ್ಲಿ: ‘ವಿ ಹ್ಯಾವ್ ಹ್ಯಾಡ್ ಸಿಕ್ಸ್‌ಟಿ ಇಂಚಸ್ ಸೋ ಫಾರ್ ದಿಸ್ ಇಯರ್.’ ಅದು ಇನ್ನೂ ಬೆಳೆಯುತ್ತಿದೆ. ಡಿಸೆಂಬರ್ 31 ದಾಟಿತೋ, ಅದೇ ಒಟ್ಟು ಸಿಂಪಲ್ ಪಾಸ್ಟ್‌ಗೆ ಇಳಿಯುತ್ತದೆ: ‘ವಿ ಹ್ಯಾಡ್ ಅ ಹಂಡ್ರೆಡ್ ಇಂಚಸ್ ಲಾಸ್ಟ್ ಇಯರ್.’ ಮಳೆ ಅದೇ, ಮಾಪಕ ಅದೇ. ಲೆಕ್ಕದ ಬಾಗಿಲು ತೆರೆದಿದೆಯೋ ಮುಚ್ಚಿದೆಯೋ ಎಂಬುದಷ್ಟೇ ಕ್ರಿಯಾಪದವನ್ನು ಬದಲಿಸಿತು. ‘ಹ್ಯಾವ್ ಹ್ಯಾಡ್’ ನೋಡಿ ಕೆಲವರು ಮುದ್ರಣದೋಷವೆಂದು ಒಂದನ್ನು ಅಳಿಸುತ್ತಾರೆ. ಅಳಿಸಬೇಡಿ. ಮೊದಲಿನದು ಸಹಾಯಕ ಕ್ರಿಯಾಪದ, ಎರಡನೆಯದು ‘ಹ್ಯಾವ್’ ಎಂಬ ಮುಖ್ಯ ಕ್ರಿಯಾಪದದ ಮೂರನೆಯ ರೂಪ.

‘ದಿಸ್ ಮಾರ್ನಿಂಗ್’ ಹೀಗೆಯೇ ಎರಡು ಕಡೆಗೂ ವಾಲುತ್ತದೆ. ಬೆಳಗ್ಗೆ ಹತ್ತಕ್ಕೆ ‘ಐ ಹ್ಯಾವ್ ಸ್ಪೋಕನ್ ಟು ಹಿಮ್ ದಿಸ್ ಮಾರ್ನಿಂಗ್’ ಸರಿ. ಸಂಜೆ ನಾಲ್ಕಕ್ಕೆ ‘ಐ ಸ್ಪೋಕ್ ಟು ಹಿಮ್ ದಿಸ್ ಮಾರ್ನಿಂಗ್’ ಎನ್ನಬೇಕು.

ಪ್ರವಾಸಿಗರಿಗೆ ಊರು ತೋರಿಸುವವರು ಇಲ್ಲಿ ವಿಶೇಷ ಗಮನ ಕೊಡಬೇಕು. ಮಡಿಕೇರಿಯ ಓಂಕಾರೇಶ್ವರ ದೇವಸ್ಥಾನದ ಮುಂದೆ ನಿಂತು ‘ಲಿಂಗರಾಜೇಂದ್ರ ಹ್ಯಾಸ್ ಬಿಲ್ಟ್ ದಿಸ್ ಟೆಂಪಲ್ ಇನ್ 1820’ ಎಂದರೆ ಎರಡು ಕಾರಣಕ್ಕೆ ತಪ್ಪು. 1820 ಎಂಬ ಮುಚ್ಚಿದ ಕಾಲ ಇದೆ ಎಂಬುದು ಒಂದು. ಇಸವಿ ತೆಗೆದರೂ ವಾಕ್ಯ ಪೂರ್ತಿ ಸರಿಯಾಗದು ಎಂಬುದು ಇನ್ನೊಂದು. ತೀರಿಕೊಂಡವರು ಬದುಕಿನಲ್ಲಿ ಮಾಡಿದ್ದನ್ನು ಹೇಳಲು ಇಂಗ್ಲಿಷ್ ಸಾಮಾನ್ಯವಾಗಿ ಪ್ರೆಸೆಂಟ್ ಪರ್ಫೆಕ್ಟ್ ಬಳಸುವುದಿಲ್ಲ, ಅವರ ಲೆಕ್ಕದ ಪುಸ್ತಕ ಮುಚ್ಚಿರುತ್ತದೆ. ‘ಲಿಂಗರಾಜೇಂದ್ರ ಬಿಲ್ಟ್ ದಿಸ್ ಟೆಂಪಲ್ ಇನ್ 1820’ ಎನ್ನಿ. ಫೀಲ್ಡ್ ಮಾರ್ಷಲ್ ಕಾರ್ಯಪ್ಪ ತೀರಿಕೊಂಡದ್ದು 1993ರಲ್ಲಿ, ಜನರಲ್ ತಿಮ್ಮಯ್ಯ 1965ರಲ್ಲಿ ಸೈಪ್ರಸ್‌ನಲ್ಲಿ. ಇಬ್ಬರ ಸೇವೆಯನ್ನೂ ‘ಸರ್ವ್ಡ್’ ಎಂದೇ ಹೇಳಬೇಕು, ‘ಹ್ಯಾಸ್ ಸರ್ವ್ಡ್’ ಅಲ್ಲ. ರೋಹನ್ ಬೋಪಣ್ಣ ನಮ್ಮ ನಡುವೆ ಇರುವವರು, ಆದ್ದರಿಂದ ‘ಬೋಪಣ್ಣ ಹ್ಯಾಸ್ ವನ್ ದಿ ಆಸ್ಟ್ರೇಲಿಯನ್ ಓಪನ್ ಡಬಲ್ಸ್’ ಚೆನ್ನಾಗಿ ಒಪ್ಪುತ್ತದೆ. ಆದರೆ ‘2024ರಲ್ಲಿ’ ಎಂದು ಸೇರಿಸಿದ ಕೂಡಲೇ ‘ವನ್’ ಮಾತ್ರ ಉಳಿಯಬೇಕು.

ಸಿನ್ಸ್, ಫಾರ್ ಮತ್ತು ‘ಇಂದ’

ಸಂದರ್ಶನದಲ್ಲಿ ಅತಿ ಹೆಚ್ಚು ಕೇಳಿಬರುವ ತಪ್ಪು ಇದು. ‘ಐ ಆಮ್ ವರ್ಕಿಂಗ್ ಹಿಯರ್ ಸಿನ್ಸ್ ಟೆನ್ ಇಯರ್ಸ್’ ಎಂಬ ಒಂದೇ ವಾಕ್ಯದಲ್ಲಿ ಎರಡು ದೋಷ ಇವೆ. ಒಂದನ್ನು ತಿದ್ದಿ ಇನ್ನೊಂದನ್ನು ಬಿಟ್ಟವರೇ ಜಾಸ್ತಿ.

ಮೊದಲನೆಯ ದೋಷ ‘ಆಮ್ ವರ್ಕಿಂಗ್’. ಹಿಂದೆ ಶುರುವಾಗಿ ಈಗಲೂ ನಡೆಯುತ್ತಿರುವುದಕ್ಕೆ ಕನ್ನಡದಲ್ಲಿ ‘ಮಾಡುತ್ತಿದ್ದೇನೆ’ ಸಾಕು. ಇಂಗ್ಲಿಷ್‌ನಲ್ಲಿ ಅವಧಿ ಹೇಳಿದ ಮೇಲೆ ಸಾಲದು. ‘ಹ್ಯಾವ್ ಬೀನ್ ವರ್ಕಿಂಗ್’ ಆಗಬೇಕು. ಎರಡನೆಯ ದೋಷ ‘ಸಿನ್ಸ್’. ‘2015ರಿಂದ’ ಎಂದರೂ ‘ಹತ್ತು ವರ್ಷದಿಂದ’ ಎಂದರೂ ನಮ್ಮಲ್ಲಿ ಒಂದೇ ಪ್ರತ್ಯಯ. ಇಂಗ್ಲಿಷ್ ಅದನ್ನು ಸೀಳುತ್ತದೆ: ಶುರುವಾದ ಬಿಂದುವಿಗೆ ಸಿನ್ಸ್, ಉದ್ದಕ್ಕೆ ಫಾರ್. ಗೊಂದಲವಾದರೆ ‘ಇಂದ’ಕ್ಕೆ ಮೊದಲಿರುವ ಪದವನ್ನು ಕ್ಯಾಲೆಂಡರಿನಲ್ಲಿ ಬೆರಳಿಟ್ಟು ತೋರಿಸಬಹುದೇ ನೋಡಿ. 2015, ಸೋಮವಾರ, ಕಳೆದ ಪುತ್ತರಿ ಹಬ್ಬ ಇವನ್ನು ತೋರಿಸಬಹುದು, ಸಿನ್ಸ್ ಹಾಕಿ. ಹತ್ತು ವರ್ಷ, ಮೂರು ದಿನ, ಬಹಳ ಕಾಲ ಇವನ್ನು ಅಳೆಯಬಹುದು, ಬೆರಳಿಡಲಾಗದು, ಫಾರ್ ಹಾಕಿ.

ಸರಿಯಾದ ವಾಕ್ಯ: ‘ಐ ಹ್ಯಾವ್ ಬೀನ್ ವರ್ಕಿಂಗ್ ಹಿಯರ್ ಫಾರ್ ಟೆನ್ ಇಯರ್ಸ್.’

ಕೆಲವು ಕ್ರಿಯಾಪದಗಳು ‘ಇಂಗ್’ ಒಪ್ಪುವುದಿಲ್ಲ. ನೋ, ಬಿಲಾಂಗ್, ಒಡೆತನದ ಅರ್ಥದ ಓನ್, ಹ್ಯಾವ್ ಈ ಜಾತಿಯವು. ‘ಐ ಹ್ಯಾವ್ ಬೀನ್ ನೋಯಿಂಗ್ ಹಿಮ್’ ಅಲ್ಲ, ‘ಐ ಹ್ಯಾವ್ ನೋನ್ ಹಿಮ್ ಫಾರ್ ಟ್ವೆಂಟಿ ಇಯರ್ಸ್’. ‘ದಿಸ್ ಲ್ಯಾಂಡ್ ಹ್ಯಾಸ್ ಬಿಲಾಂಗ್ಡ್ ಟು ಅವರ್ ಫ್ಯಾಮಿಲಿ ಫಾರ್ ಜೆನರೇಶನ್ಸ್.’

ಕೆಲಸ ಬಿಟ್ಟಾಗಿದ್ದರೆ ಇಡೀ ಕಟ್ಟಡ ಬದಲಾಗುತ್ತದೆ. ‘ಐ ಹ್ಯಾವ್ ವರ್ಕ್ಡ್ ದೇರ್ ಫಾರ್ ತ್ರೀ ಇಯರ್ಸ್’ ಎಂದು ಕೇಳಿದವರು ನೀವು ಇನ್ನೂ ಅಲ್ಲೇ ಇದ್ದೀರಿ ಎಂದುಕೊಳ್ಳುತ್ತಾರೆ. ಬಿಟ್ಟ ಕೆಲಸಕ್ಕೆ ‘ಐ ವರ್ಕ್ಡ್ ದೇರ್ ಫಾರ್ ತ್ರೀ ಇಯರ್ಸ್’. ಇದು ಬರೀ ವ್ಯಾಕರಣದ ಮಾತಲ್ಲ. ಬಯೋಡೇಟಾ ಓದುವವರು ಈಗಿನ ಕೆಲಸ ಯಾವುದೆಂದು ತೀರ್ಮಾನಿಸುವುದು ಇದರಿಂದಲೇ.

ಹೋಂಸ್ಟೇಯವರಿಗೆ ಇನ್ನೊಂದು ಜೋಡಿ. ‘ಓನರ್ ಹ್ಯಾಸ್ ಗಾನ್ ಟು ತಲಕಾವೇರಿ’ ಎಂದರೆ ಹೋದವರು ಮರಳಿಲ್ಲ. ‘ಹ್ಯಾಸ್ ಬೀನ್ ಟು ತಲಕಾವೇರಿ’ ಎಂದರೆ ಹೋಗಿ ಬಂದಿದ್ದಾರೆ. ಅತಿಥಿಯನ್ನು ‘ಹ್ಯಾವ್ ಯು ಗಾನ್ ಟು ತಲಕಾವೇರಿ?’ ಎಂದು ಎದುರಿಗೇ ಕೇಳಬೇಡಿ. ‘ಹ್ಯಾವ್ ಯು ಬೀನ್ ಟು ತಲಕಾವೇರಿ?’ ಎನ್ನಿ.

ಒಂಟಿ ಹ್ಯಾಡ್

‘ಹೋದ ವಾರ ಮೈಸೂರಿಗೆ ಹೋಗಿದ್ದೆ.’ ಹೋಗಿ ಬಂದೆ, ವಿಷಯ ಮುಗಿಯಿತು ಎಂದು ಹೇಳಲು ಕನ್ನಡದ ‘ಇದ್ದೆ’ ಒಂಟಿಯಾಗಿ ನಿಲ್ಲುತ್ತದೆ. ಇಂಗ್ಲಿಷ್‌ನ ಹ್ಯಾಡ್ ಒಂಟಿಯಾಗಿ ನಿಲ್ಲದು. ಅದು ಇನ್ನೊಂದು ಹಳೆಯ ಘಟನೆಯನ್ನೋ ಹೊತ್ತನ್ನೋ ಆಸರೆಯಾಗಿ ಕೇಳುತ್ತದೆ.

1947ರಲ್ಲಿ ತರ್ಕಶಾಸ್ತ್ರಜ್ಞ ಹ್ಯಾನ್ಸ್ ರೈಶನ್‌ಬಾಖ್ ಇದಕ್ಕೆ ಕೊಟ್ಟ ವಿವರಣೆ ಇಂದಿಗೂ ನನಗೆ ಅತ್ಯಂತ ಉಪಯೋಗಿ ಅನಿಸುತ್ತದೆ. ಪ್ರತಿ ಕಾಲರೂಪದಲ್ಲೂ ಮೂರು ಹೊತ್ತುಗಳಿವೆ ಎಂದ ಆತ: ಘಟನೆ ನಡೆದ ಹೊತ್ತು, ಮಾತಾಡುವ ಹೊತ್ತು, ಮತ್ತು ನಾವು ಯಾವ ಹೊತ್ತಿನಲ್ಲಿ ನಿಂತು ಘಟನೆಯನ್ನು ನೋಡುತ್ತೇವೋ ಅದು. ಪ್ರೆಸೆಂಟ್ ಪರ್ಫೆಕ್ಟ್‌ನಲ್ಲಿ ಈಗ ನಿಂತು ಹಿಂದೆ ನೋಡುತ್ತೇವೆ. ಸಿಂಪಲ್ ಪಾಸ್ಟ್‌ನಲ್ಲಿ ಘಟನೆ ನಡೆದಲ್ಲೇ ನಿಂತಿರುತ್ತೇವೆ. ಹ್ಯಾಡ್ ಇರುವ ಪಾಸ್ಟ್ ಪರ್ಫೆಕ್ಟ್‌ನಲ್ಲಿ ಹಿಂದಿನ ಒಂದು ಹೊತ್ತಿನಲ್ಲಿ ನಿಂತು, ಅದಕ್ಕೂ ಹಿಂದಿನದನ್ನು ನೋಡುತ್ತೇವೆ. ನಿಲ್ಲುವ ಜಾಗ ವಾಕ್ಯದಲ್ಲೋ ಹಿಂದಿನ ವಾಕ್ಯದಲ್ಲೋ ಸಿಗದಿದ್ದರೆ ಹ್ಯಾಡ್ ತೆಗೆಯಿರಿ: ‘ಐ ವೆಂಟ್ ಟು ಮೈಸೂರು ಲಾಸ್ಟ್ ವೀಕ್.’

ನಮ್ಮ ಜಿಲ್ಲೆಯ ಚರಿತ್ರೆಯಿಂದ ಒಂದು ಸರಿಯಾದ ಬಳಕೆ ನೋಡಿ. ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ್ದು 1956ರ ನವೆಂಬರ್ 1ರಂದು. ಅದಕ್ಕೆ ಮೊದಲು ಅದು ಪ್ರತ್ಯೇಕ ರಾಜ್ಯ, 1952ರಿಂದ ಸಿ. ಎಂ. ಪೂಣಚ್ಚ ಮುಖ್ಯಮಂತ್ರಿ. ‘ವೆನ್ ಕೂರ್ಗ್ ಜಾಯಿನ್ಡ್ ಮೈಸೂರ್ ಇನ್ 1956, ಪೂಣಚ್ಚ ಹ್ಯಾಡ್ ಬೀನ್ ಚೀಫ್ ಮಿನಿಸ್ಟರ್ ಫಾರ್ ಮೋರ್ ದ್ಯಾನ್ ಫೋರ್ ಇಯರ್ಸ್.’ 1956 ನಿಲ್ಲುವ ಜಾಗ, ಅದರ ಹಿಂದಿನ ನಾಲ್ಕು ವರ್ಷ ಹ್ಯಾಡ್‌ಗೆ ಸೇರಿದ್ದು.

ದೂರು, ವಿಮೆ, ಪರಿಹಾರದ ಅರ್ಜಿ ಬರೆಯುವಾಗ ಹ್ಯಾಡ್ ಬಿಟ್ಟರೆ ನಷ್ಟವಾಗಬಹುದು. ಆನೆ ತೋಟಕ್ಕೆ ನುಗ್ಗಿದ್ದರ ಬಗ್ಗೆ ‘ವೆನ್ ಐ ರೀಚ್ಡ್ ದಿ ಎಸ್ಟೇಟ್, ದಿ ಎಲಿಫೆಂಟ್ಸ್ ಬ್ರೋಕ್ ದಿ ಫೆನ್ಸ್’ ಎಂದು ಬರೆದರೆ, ನೀವು ಹೋದಾಗ ನಿಮ್ಮ ಕಣ್ಣೆದುರೇ ಬೇಲಿ ಮುರಿದವು ಎಂದಾಗುತ್ತದೆ. ರಾತ್ರಿ ಮುರಿದದ್ದನ್ನು ಬೆಳಗ್ಗೆ ಕಂಡಿದ್ದರೆ ‘ಹ್ಯಾಡ್ ಬ್ರೋಕನ್’ ಬೇಕೇ ಬೇಕು. ಸಾಕ್ಷಿ ಹೇಳಿಕೆಯೇ ಬೇರೆಯಾಗಿಬಿಡುವ ಕಡೆ ಒಂದು ಪದದ ಉಳಿತಾಯಕ್ಕೆ ಹೋಗಬೇಡಿ. ಹಾಗೆಂದು ಪ್ರತಿ ವಾಕ್ಯಕ್ಕೂ ಅದನ್ನು ಅಂಟಿಸಬೇಕಿಲ್ಲ. ಬಿಫೋರ್, ಆಫ್ಟರ್ ಇದ್ದು ಕ್ರಮ ಸ್ಪಷ್ಟವಾಗಿದ್ದರೆ ಸಿಂಪಲ್ ಪಾಸ್ಟ್ ಸಾಕು.

ವಿಲ್ ಹ್ಯಾವ್, ಮತ್ತು ಕಚೇರಿ ಕನ್ನಡದ ಒಂದು ಬಲೆ

ಫ್ಯೂಚರ್ ಪರ್ಫೆಕ್ಟ್ ಬೇಕಾಗುವುದು ಕಡಿಮೆ. ಮುಂದಿನ ಒಂದು ಗಡುವಿನಲ್ಲಿ ನಿಂತು, ಅಷ್ಟರೊಳಗೆ ಮುಗಿದಿರುವುದನ್ನು ಹೇಳಲು ಬಳಸಿ: ‘ವಿ ವಿಲ್ ಹ್ಯಾವ್ ಪಿಕ್ಡ್ ಆಲ್ ದಿ ರೊಬಸ್ಟಾ ಬೈ ದಿ ಎಂಡ್ ಆಫ್ ಮಾರ್ಚ್.’ ‘ಬೈ’ ಇಲ್ಲದ ಕಡೆ ಇದು ಕಂಡರೆ ಅನುಮಾನಿಸಿ.

ಆದರೆ ಸರ್ಕಾರಿ ಪತ್ರ ಅನುವಾದಿಸುವವರಿಗೆ ಇಲ್ಲಿ ಅಪಾಯವಿದೆ. ‘ಸದರಿಯವರು ಅರ್ಜಿ ಸಲ್ಲಿಸಿರುತ್ತಾರೆ’ ಎಂಬುದು ನೋಡಲು ಭವಿಷ್ಯದಂತೆ ಕಂಡರೂ ಕಚೇರಿಯಲ್ಲಿ ಅದರ ಅರ್ಥ ಸಲ್ಲಿಸಿ ಆಗಿದೆ ಎಂದೇ. ಅದನ್ನು ‘ವಿಲ್ ಹ್ಯಾವ್ ಸಬ್‌ಮಿಟೆಡ್’ ಮಾಡಬೇಡಿ. ದಿನಾಂಕ ಇಲ್ಲದಿದ್ದರೆ ‘ಹ್ಯಾಸ್ ಸಬ್‌ಮಿಟೆಡ್’, ದಿನಾಂಕ ಇದ್ದರೆ ‘ಸಬ್‌ಮಿಟೆಡ್’.

ಅಮೆರಿಕದ ಅತಿಥಿಗಳು ‘ಡಿಡ್ ಯು ಈಟ್ ಯೆಟ್?’, ‘ಐ ಜಸ್ಟ್ ಏಟ್’ ಎಂದರೆ ಗಾಬರಿಯಾಗಬೇಡಿ. ಜಸ್ಟ್, ಆಲ್ರೆಡಿ, ಯೆಟ್ ಜೊತೆ ಸಿಂಪಲ್ ಪಾಸ್ಟ್ ಅಲ್ಲಿ ರೂಢಿ. ನಮ್ಮ ಶಾಲೆ, ಪರೀಕ್ಷೆಗಳಲ್ಲಿ ಕೇಳುವುದು ಬ್ರಿಟಿಷ್ ಪದ್ಧತಿಯ ‘ಹ್ಯಾವ್ ಯು ಈಟನ್ ಯೆಟ್?’.

ಒಂದು ಪೂರ್ತಿ ರಿಪೇರಿ

ಮಳೆಗಾಲದಲ್ಲಿ ಬರೆದ ಸಂದೇಶ ಹೀಗಿದೆ ಎನ್ನೋಣ: ‘ವಿ ಹ್ಯಾಡ್ ರಿಸೀವ್ಡ್ ಯುವರ್ ಬುಕಿಂಗ್. ಇಟ್ ಈಸ್ ರೇನಿಂಗ್ ಹಿಯರ್ ಸಿನ್ಸ್ ಫೋರ್ ಡೇಸ್. ಅ ಟ್ರೀ ಹ್ಯಾಸ್ ಫಾಲನ್ ಆನ್ ದಿ ರೋಡ್ ಲಾಸ್ಟ್ ನೈಟ್. ವರ್ಕರ್ಸ್ ಹ್ಯಾವ್ ಬೀನ್ ಕ್ಲಿಯರ್ಡ್ ಹಾಫ್ ಆಫ್ ಇಟ್ ದಿಸ್ ಮಾರ್ನಿಂಗ್. ಬೈ ದಿ ಟೈಮ್ ಯು ರೀಚ್ ಮಡಿಕೇರಿ ದೇ ಹ್ಯಾವ್ ಕ್ಲಿಯರ್ಡ್ ದಿ ರೆಸ್ಟ್.’

ಮೊದಲ ವಾಕ್ಯದ ಹ್ಯಾಡ್‌ಗೆ ಆಸರೆಯಿಲ್ಲ, ಹೇಳಬೇಕಾದದ್ದು ಈಗಿನ ಸ್ಥಿತಿ: ‘ವಿ ಹ್ಯಾವ್ ರಿಸೀವ್ಡ್ ಯುವರ್ ಬುಕಿಂಗ್.’ ಎರಡನೆಯದರಲ್ಲಿ ಅವಧಿ ಇದೆ, ಮಳೆ ನಿಂತಿಲ್ಲ: ‘ಇಟ್ ಹ್ಯಾಸ್ ಬೀನ್ ರೇನಿಂಗ್ ಹಿಯರ್ ಫಾರ್ ಫೋರ್ ಡೇಸ್.’ ಮೂರನೆಯದರಲ್ಲಿ ‘ಲಾಸ್ಟ್ ನೈಟ್’ ಬಾಗಿಲು ಮುಚ್ಚಿದೆ: ‘ಅ ಟ್ರೀ ಫೆಲ್ ಆನ್ ದಿ ರೋಡ್ ಲಾಸ್ಟ್ ನೈಟ್.’ ನಾಲ್ಕನೆಯದರಲ್ಲಿ ಕಡಿದವರು ಕೆಲಸದವರೇ, ಬೀನ್ ಹೋಗಬೇಕು: ‘ವರ್ಕರ್ಸ್ ಹ್ಯಾವ್ ಕ್ಲಿಯರ್ಡ್ ಹಾಫ್ ಆಫ್ ಇಟ್ ದಿಸ್ ಮಾರ್ನಿಂಗ್.’ ಕೊನೆಯದು ಮುಂದಿನ ಗಡುವಿನಲ್ಲಿ ನಿಂತಿದೆ: ‘ಬೈ ದಿ ಟೈಮ್ ಯು ರೀಚ್ ಮಡಿಕೇರಿ, ದೇ ವಿಲ್ ಹ್ಯಾವ್ ಕ್ಲಿಯರ್ಡ್ ದಿ ರೆಸ್ಟ್.’

ಸಂದೇಶ ಕಳಿಸುವುದು ಮಧ್ಯಾಹ್ನಕ್ಕೆ ಜಾರಿದರೆ ನಾಲ್ಕನೆಯ ವಾಕ್ಯದ ‘ಹ್ಯಾವ್’ ಕೂಡ ತೆಗೆದು ‘ವರ್ಕರ್ಸ್ ಕ್ಲಿಯರ್ಡ್’ ಎಂದು ಮಾಡಿ ಕಳಿಸಿ.